ಮೋಟರ್‌ಹೋಮ್‌ಗೆ ಸೈಡ್ ಕ್ಯಾಮೆರಾ: ಕಿಟ್ ಚೆನ್ನಾಗಿದೆ, ಆದ್ರೆ ಕೂರಿಸೋ ಜಾಗ ಸರಿ ಇರ್ಬೇಕು

ನಮ್ದು 31 ಅಡಿ ಉದ್ದದ ಕ್ಲಾಸ್ ಸಿ ಮೋಟರ್‌ಹೋಮ್, ಅಂದ್ರೆ ವ್ಯಾನ್ ಕ್ಯಾಬಿನ ಹಿಂದೆ ಮನೆ ಥರದ ಪೆಟ್ಟಿಗೆ ಕೂರಿಸಿರೋ ಗಾಡಿ, ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿರೋದು, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ರಿವರ್ಸ್ ಕ್ಯಾಮೆರಾ ಮೊದಲೇ ಇತ್ತು, ಸೈಡಿಗೆ ಏನೂ ಇರ್ಲಿಲ್ಲ, ಅಷ್ಟು ದೊಡ್ಡ ಕನ್ನಡಿ ಇದ್ಯಲ್ಲ ಸಾಕು ಅಂದ್ಕೊಂಡಿದ್ದೆ. ಹೋದ ವರ್ಷ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗ್ತಾ, ಹೈವೇ 58ರಲ್ಲಿ ಬಾರ್‌ಸ್ಟೋಗೆ ಮುಂಚೆ ಒಂದು ಗ್ಯಾಸ್ ಸ್ಟೇಷನ್‌ನಲ್ಲಿ ಪಂಪ್ ಬಿಟ್ಟು ಹೊರಡೋವಾಗ ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸ್ದೆ, ಗಾಡಿ ಮೂತಿ ಎಡಕ್ಕೆ ಹೋಯ್ತು, ಬಾಲ ಬಲಕ್ಕೆ ಬೀಸ್ತು, ಹಳದಿ ಕಬ್ಬಿಣದ ಕಂಬಕ್ಕೆ ಕರ್ ಅಂತ ಉಜ್ಜಿತು. ಹಿಂದಿನ ಆಕ್ಸಲ್ ಆದ್ಮೇಲೂ ನಮ್ಮ ಗಾಡಿಗೆ 10 ಅಡಿ ಬಾಡಿ ಇದೆ, ತಿರುಗಿಸಿದಾಗ ಅಷ್ಟೂ ಆಚೆ ಕಡೆಗೆ ಬೀಸುತ್ತೆ. ಹಿಂದೆ ಊಟದ ಮೇಜಿನ ಹತ್ತಿರ ಕೂತಿದ್ದ ನಮ್ಮಮ್ಮ "ಏನಾಯ್ತೋ" ಅಂತ ಕೂಗಿದ್ದು ಇನ್ನೂ ಕಿವೀಲಿದೆ. ಆ ಜಾಗದಲ್ಲಿ ಒಂದು ಮಗು ನಿಂತಿದ್ರೆ ಅಂತ ಯೋಚ್ನೆ ಬಂದು ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಊರಿಗೆ ಬಂದ ತಕ್ಷಣ ಕ್ಯಾಮೆರಾ ಕಿಟ್ ತರಿಸ್ದೆ. 7 ಇಂಚಿನ ಸ್ಕ್ರೀನ್, ಎರಡು ಸೈಡ್ ಕ್ಯಾಮೆರಾ, ವೈರ್ ಎಳೆಯೋ ಮಾದರಿ, ಹತ್ತಿರ ಹತ್ತಿರ 300 ಡಾಲರ್ ಆಯ್ತು. ವೈರ್‌ಲೆಸ್ ತಗೋಬಹುದಿತ್ತು, ಆದ್ರೆ ಟ್ರಾಫಿಕ್ ಮಧ್ಯೆ ಲೇನ್ ಬದಲಾಯಿಸೋವಾಗ ಅರ್ಧ ಸೆಕೆಂಡ್ ಚಿತ್ರ ನಿಂತ್ರೂ ನಂಗೆ ಬೇಡ. ಚಿತ್ರ ಚೊಕ್ಕವಾಗಿದೆ, ಇಂಡಿಕೇಟರ್ ಹಾಕಿದ್ರೆ ಆ ಕಡೆ ಕ್ಯಾಮೆರಾ ತಾನಾಗೇ ಸ್ಕ್ರೀನ್ ತುಂಬಾ ಬರುತ್ತೆ, ಇದೊಂದು ಅನುಕೂಲಕ್ಕೇ ಕೊಟ್ಟ ದುಡ್ಡು ಸಾರ್ಥಕ. ಕಿಟ್ ಬಗ್ಗೆ ಇಷ್ಟು ಸಾಕು. ಜೊತೆಗೆ ಬಂದ ಪುಸ್ತಕದಲ್ಲಿ ಕ್ಯಾಮೆರಾ ಎಲ್ಲಿ ಕೂರಿಸ್ಬೇಕು ಅಂತ ಒಂದು ಸಾಲೂ ಇಲ್ಲ, ಎಲ್ಲಾ ಕಷ್ಟ ಇರೋದು ಅಲ್ಲೇ.

ಒಂದು ಭಾನುವಾರ ಖಾಲಿ ಪಾರ್ಕಿಂಗ್ ಲಾಟ್‌ಗೆ ಗಾಡಿ ತಗೊಂಡೋಗಿ ಮಕ್ಕಳ ಮೂರು ನೀಲಿ ಬಕೆಟ್ ಇಟ್ವಿ. ಒಂದು ಹಿಂದಿನ ಚಕ್ರದ ಪಕ್ಕ, ಒಂದು ಹಿಂದಿನ ಬಂಪರ್ ಮೂಲೆಗೆ ಒಂದಡಿ ದೂರದಲ್ಲಿ, ಇನ್ನೊಂದು ಪಕ್ಕದ ಲೇನ್‌ನಲ್ಲಿ, ಕ್ಯಾಬ್ ಡೋರ್‌ನಿಂದ ಸ್ವಲ್ಪ ಹಿಂದೆ. ತೂತು ಕೊರೆಯೋಕೆ ಮುಂಚೆ ಕ್ಯಾಮೆರಾನ ಟೇಪ್ ಹಾಕಿ ಒಂದೊಂದ್ ಜಾಗಕ್ಕೂ ಅಂಟಿಸ್ತಾ ಹೋದೆ, ನನ್ನ ಹೆಂಡತಿ ಒಳಗೆ ಸ್ಕ್ರೀನ್ ನೋಡಿ ಯಾವ ಬಕೆಟ್ ಕಾಣುತ್ತೆ ಅಂತ ಹೇಳ್ತಿದ್ಲು.

ಮೊದ್ಲು ಕನ್ನಡಿ ಕೆಳಗೆ. ಮೂರೂ ಕಾಣ್ತು, ಖುಷಿ ಆಯ್ತು, ಆದ್ರೆ ಗಂಟೆಗೆ 60 ಮೈಲಿಯಲ್ಲಿ ಓಡಿಸಿ ನೋಡಿದ್ರೆ ಕನ್ನಡಿ ತೋಳು ನಡುಗಿ ಚಿತ್ರವೆಲ್ಲ ಅದುರುತ್ತೆ, ಮೇಲಾಗಿ ಕನ್ನಡಿ ಮಡಚಿ ತೆಗೆದಾಗೆಲ್ಲ ಕ್ಯಾಮೆರಾ ದಿಕ್ಕೇ ಬದಲಾಗುತ್ತೆ. ಆಮೇಲೆ ಫೋರ್ಡ್ ಕ್ಯಾಬಿನ ಫೆಂಡರ್, ಅಂದ್ರೆ ಮುಂದಿನ ಚಕ್ರದ ಮೇಲಿನ ತಗಡಿನ ಮೇಲೆ. ಕ್ಲಾಸ್ ಎ ಬಸ್ ಥರದ ಗಾಡಿಗಳಲ್ಲಿ ಮುಂದಿಂದ ಹಿಂದಿನವರೆಗೂ ಅಗಲ ಒಂದೇ, ಅವರಿಗೆ ಈ ಜಾಗ ನಡೆಯುತ್ತೆ, ನಮ್ಮದ್ರಲ್ಲಿ ಕ್ಯಾಬ್‌ಗಿಂತ ಹಿಂದಿನ ಪೆಟ್ಟಿಗೆ ಒಂದೊಂದ್ ಕಡೆಗೂ ಸುಮಾರು 10 ಇಂಚು ಹೊರಗೆ ಚಾಚಿದೆ, ಹಾಗಾಗಿ ಕಂಡಿದ್ದು ನಮ್ಮದೇ ಗೋಡೆ, ಹಿಂದಿನ ಎರಡು ಬಕೆಟ್ಟೂ ಮಾಯ. ರೂಫ್ ಹತ್ತಿರ ಇಟ್ರೆ ಲೇನ್ ಏನೋ ಚೆನ್ನಾಗಿ ಕಾಣುತ್ತೆ, ಆದ್ರೆ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಮರದ ಕೊಂಬೆ ಬಡಿಯೋದು ಅಲ್ಲೇ, ಲೆನ್ಸ್ ಒರೆಸೋಕೆ ಪ್ರತಿ ಸಲ ಏಣಿ ಹಾಕ್ಬೇಕು.

ಗಾಡಿ ಮಧ್ಯದಲ್ಲಿರೋ ಮಾರ್ಕರ್ ಲೈಟ್ (ರಾತ್ರಿ ಪಕ್ಕದಿಂದ ಗಾಡಿ ಕಾಣೋಕೆ ಇರೋ ಸಣ್ಣ ದೀಪ) ಜಾಗ ತುಂಬಾ ಜನಕ್ಕೆ ಇಷ್ಟ. 30 ಅಡಿ ದಾಟಿದ ಗಾಡಿಗೆ ಅಮೆರಿಕದಲ್ಲಿ ಸೈಡಿನ ಮಧ್ಯೆ ಒಂದು ಹಳದಿ ಮಾರ್ಕರ್ ಲೈಟ್ ಕಡ್ಡಾಯ, ಆ ಲೈಟ್ ಬಿಚ್ಚಿ ಲೈಟೂ ಕ್ಯಾಮೆರಾನೂ ಸೇರಿರೋ ಪೀಸ್ ಹಾಕಿದ್ರೆ ಹೊಸ ತೂತು ಕೊರೆಯೋದೇ ಬೇಡ, ವೈರೂ ಅಲ್ಲೇ ಇರುತ್ತೆ. ಆದ್ರೆ ಆ ವೈರ್‌ಗೆ ಕರೆಂಟ್ ಬರೋದು ಗಾಡಿ ಲೈಟ್ ಆನ್ ಮಾಡಿದಾಗ ಮಾತ್ರ, ಹಗಲಲ್ಲಿ ಲೈಟ್ ಮರೆತ್ರೆ ಕ್ಯಾಮೆರಾನೂ ಇಲ್ಲ. ಅದಕ್ಕಿಂತ ಮುಖ್ಯ, ಪಕ್ಕದ ಲೇನಿನ ಬಕೆಟ್ ಈ ಕ್ಯಾಮೆರಾಗಿಂತ ಮುಂದೆ ಉಳಿದುಬಿಡ್ತು. ನಾವು ಲೇನ್ ಬದಲಾಯಿಸೋವಾಗ ಸಣ್ಣ ಕಾರು ಅಡಗಿ ಕೂರೋದು ಸರಿಯಾಗಿ ಅದೇ ಜಾಗದಲ್ಲಿ.

ಕೊನೆಗೆ ಗೆದ್ದ ಜಾಗ: ಕ್ಯಾಬ್ ಡೋರ್ ಆದ್ಮೇಲೆ ಮನೆ ಗೋಡೆ ಶುರುವಾಗುತ್ತಲ್ಲ ಅಲ್ಲೇ, ನೆಲದಿಂದ ಐದೂವರೆ ಅಡಿ ಎತ್ತರದಲ್ಲಿ, ಹಿಂದಕ್ಕೆ ಮುಖ ಮಾಡಿ. ಸ್ಕ್ರೀನಿನ ಐದರಲ್ಲೊಂದು ಭಾಗದಲ್ಲಿ ನಮ್ಮ ಗೋಡೆ, ಮಿಕ್ಕಿದ್ದರಲ್ಲಿ ರಸ್ತೆ, ಮೂರೂ ಬಕೆಟ್ ಒಂದೇ ಚಿತ್ರದಲ್ಲಿ. ಗೋಡೆ ಕಾಣ್ಲೇಬೇಕು, ಇಲ್ದಿದ್ರೆ ಪಕ್ಕದ ಕಾರು ನಮ್ಮಿಂದ ಎಷ್ಟು ದೂರ ಅಂತ ಅಂದಾಜೇ ಸಿಗಲ್ಲ. ಇಂಟರ್‌ಸ್ಟೇಟ್ ಲೇನ್ 12 ಅಡಿ ಅಗಲ, ನಮ್ಮ ಗಾಡಿ ಎಂಟೂವರೆ ಅಡಿ ಹತ್ತಿರ, ಅಂದ್ರೆ ಒಂದು ಕಡೆಗೆ ಉಳಿಯೋದು ಎರಡಡಿನೂ ಇಲ್ಲ. ಬಲಗಡೆ ಮಾತ್ರ ಆನಿಂಗ್ (ನೆರಳಿಗೆ ಬಿಚ್ಚೋ ಬಟ್ಟೆ ಚಪ್ಪರ) ತೋಳು ನೋಡ್ಕೊಳ್ಳಿ, ನಮ್ಮದ್ರಲ್ಲಿ ಅದು ಚಿತ್ರದ ನಡುವೆ ಕಂಬದ ಥರ ಬರ್ತಿತ್ತು, ಕ್ಯಾಮೆರಾನ ನಾಲ್ಕು ಇಂಚು ಕೆಳಗಿಳಿಸಿದ ಮೇಲೆ ಸರಿಹೋಯ್ತು.

ತೂತು ಕೊರೆಯೋವಾಗ ಕೈ ನಡುಗಿದ್ದು ನಿಜ. ಈ ಫೈಬರ್‌ಗ್ಲಾಸ್ ಹಿಂದೆ ಇರೋದು ತೆಳು ಪ್ಲೈವುಡ್, ಒಂದು ಸಲ ನೀರು ಇಳೀತಂದ್ರೆ ಒಳಗೇ ಕೊಳೆತು ಗೋಡೆ ಬೊಕ್ಕೆ ಬಂದ ಹಾಗೆ ಉಬ್ಬುತ್ತೆ, ಅದರ ರಿಪೇರಿಗೆ ಕ್ಯಾಮೆರಾದ ಎಷ್ಟೋ ಪಟ್ಟು ಖರ್ಚು. ಬ್ರಾಕೆಟ್ ಹಿಂದೆ ಬ್ಯೂಟೈಲ್ ಟೇಪ್ (ನೀರು ತಡೆಯೋ ಅಂಟು ರಬ್ಬರ್ ಪಟ್ಟಿ) ಒತ್ತಿ, ಮೇಲೆ ಮತ್ತು ಎರಡೂ ಪಕ್ಕ ಸೀಲಂಟ್ ಎಳೆದು ಕೆಳಗಡೆ ಖಾಲಿ ಬಿಟ್ಟೆ, ಒಳಗೆ ಸೇರಿದ ಹನಿ ಇಳಿದುಹೋಗ್ಲಿ ಅಂತ. ವೈರ್ ತೂತಿಗಿಂತ ಒಂದಿಂಚು ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಹತ್ತಿ ಒಳಗೆ ಹೋಗುತ್ತೆ, ನೀರು ಆ ಜೋತಿರೋ ಜಾಗದಲ್ಲೇ ತೊಟ್ಟಿಕ್ಕುತ್ತೆ.

ಎಂಟು ತಿಂಗಳಲ್ಲಿ ಕಂಡ ಕೊರತೆ ಒಂದೇ, ರಾತ್ರಿ ನೈಟ್ ವಿಷನ್ ಲೈಟು ನಮ್ಮದೇ ಬಿಳಿ ಗೋಡೆಗೆ ಬಡಿದು ಸ್ಕ್ರೀನ್ ಎಲ್ಲ ಹಾಲು ಚೆಲ್ಲಿದ ಹಾಗಾಗ್ತಿತ್ತು. ಗೋಡೆ ಕಡೆ ಇರೋ ಸಣ್ಣ ಎಲ್‌ಇಡಿಗಳ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸ್ದೆ, ಮುಕ್ಕಾಲು ಪಾಲು ಸರಿಹೋಗಿದೆ. ಸೆಟ್ಟಿಂಗ್‌ನಲ್ಲಿ ಮಿರರ್ ಇಮೇಜ್ ಆನ್ ಮಾಡೋದು ಮರೀಬೇಡಿ, ಇಲ್ದಿದ್ರೆ ಎಡ ಬಲ ಅದಲು ಬದಲಾಗಿ ಕಾಣುತ್ತೆ.

ಬೆಂಗಳೂರಲ್ಲಿ ನಮ್ಮ ಚಿಕ್ಕಪ್ಪನ ಮಗ ಫೋರ್ಸ್ ಟ್ರಾವೆಲರ್ ವ್ಯಾನ್‌ನ ಕ್ಯಾರವಾನ್ ಮಾಡಿಸ್ತಿದಾನೆ. ಅಲ್ಲಿ ಡ್ರೈವರ್ ಬಲಕ್ಕೆ ಕೂರೋದ್ರಿಂದ ಕಾಣದೇ ಇರೋದು ಎಡಗಡೆ, ಬೈಕು ಸ್ಕೂಟರ್‌ಗಳು ನುಗ್ಗೋದೂ ಅದೇ ಕಡೆ, ಒಂದೇ ಕ್ಯಾಮೆರಾಗೆ ದುಡ್ಡಿದ್ರೆ ಎಡಕ್ಕೇ ಹಾಕ್ಸು ಅಂದಿದೀನಿ. ಅವನ ಗಾಡಿಗೆ ನಮ್ಮದ್ರ ಥರ ಚಾಚಿರೋ ಪೆಟ್ಟಿಗೆ ಇಲ್ಲ, ಹಾಗಾಗಿ ಇನ್ನೂ ಮುಂದಕ್ಕೆ ಕೂರಿಸಿದ್ರೂ ನಡೆಯಬಹುದು. ಬಕೆಟ್ ಇಟ್ಟು ಫೋಟೋ ಕಳಿಸ್ತೀನಿ, ನೀನು ನೋಡಿ ಹೇಳಿದ್ಮೇಲೇ ತೂತು ಅಂದಿದಾನೆ.