ಲ್ಯಾಟಿನ್ ಕಲಿಯೋಕೆ ಟೋಗಾ ಬೇಕಾ, ಒರಳು ಬೇಕಾ?

ರೋಮನ್ನರ ಬದುಕಿನೊಳಗೇ ಇಳಿಸಿ ಲ್ಯಾಟಿನ್ ಕಲಿಸುತ್ತೇವೆ ಅನ್ನುವವರು ಇಂಗ್ಲೆಂಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಎರಡು ಪುಸ್ತಕ, ಒಂದು ವೇಷದ ದಿನ, ಒಂದು ಬರೀ ಲ್ಯಾಟಿನ್ ಮಾತಾಡುವ ಶಿಬಿರ, ಇಷ್ಟನ್ನು ನಾನೇ ನೋಡಿದ್ದೇನೆ. ನನ್ನ ಓಟು ಶಿಬಿರಕ್ಕೆ. ಆದರೆ ಏನೂ ಓದದೆ ಹೋದರೆ ದುಡ್ಡು ದಂಡ.

ಮೊದಲ ಪುಸ್ತಕ, ಇಲ್ಲಿನ ಶಾಲೆಗಳಲ್ಲಿ 1970ರಿಂದ ಬಂದಿರುವ ಕೇಂಬ್ರಿಜ್ ಲ್ಯಾಟಿನ್ ಕೋರ್ಸ್, ಎಲ್ಲರಿಗೂ ಗೊತ್ತು. ಅದರ ಪಾತ್ರಗಳು ರೋಮನ್ ಊರು ಪೊಂಪೇಯಿಯ ಕೈಕಿಲಿಯುಸ್, ಹೆಂಡತಿ ಮೆತೆಲ್ಲಾ, ಅಡುಗೆಯ ಗ್ರುಮಿಯೋ, ನಾಯಿ ಕೆರ್ಬೆರುಸ್. ಕೈಕಿಲಿಯುಸ್ ನಿಜವಾಗಿ ಇದ್ದವನು. ಅವನ ಲೇವಾದೇವಿ ಲೆಕ್ಕದ ಮೇಣದ ಹಲಗೆಗಳು 1875ರಲ್ಲಿ ಅವನ ಮನೆಯಲ್ಲೇ ಸಿಕ್ಕವು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಊರೇ ಹೂತುಹೋಗುತ್ತದೆ ಅಂತ ಗೊತ್ತಿದ್ದೇ ಓದುತ್ತೇವಲ್ಲ, ನಾಯಿಯ ಮೇಲೂ ಕರುಳು ಚುರುಕ್ ಅನ್ನುತ್ತದೆ. ತೊಂದರೆ ಏನೆಂದರೆ ಪಕ್ಕದಲ್ಲೇ ಇಂಗ್ಲಿಷ್ ಕೂತಿರುತ್ತದೆ, ಕತೆ ಊಹೆಯಲ್ಲೇ ತಿಳಿದುಬಿಡುತ್ತದೆ, ಪದದ ಕೊನೆ ನೋಡದೆ ಪುಟ ದಾಟಬಹುದು.

ಎರಡನೇ ಪುಸ್ತಕ, ಡೆನ್ಮಾರ್ಕಿನ ಹಾನ್ಸ್ ಓರ್ಬೆರ್ಗ್ ಬರೆದ 'ಫಮಿಲಿಯಾ ರೊಮಾನಾ'ದಲ್ಲಿ ಆ ಆಟ ನಡೆಯಲ್ಲ. ಮೊದಲ ಸಾಲೇ 'ರೋಮಾ ಇನ್ ಇತಾಲಿಯಾ ಎಸ್ತ್', ರೋಮ್ ಇಟಲಿಯಲ್ಲಿದೆ. 35 ಅಧ್ಯಾಯವೂ ಲ್ಯಾಟಿನ್ನಿನಲ್ಲೇ, ಅರ್ಥಕ್ಕೆ ಅಂಚಿನಲ್ಲಿ ಚಿತ್ರ, ಚಿಹ್ನೆ. ಕ್ರಿಯಾಪದ ಕೊನೆಗೆ ಬರುವುದು, ವಿಭಕ್ತಿ, ಇವೆಲ್ಲ ನಮಗೆ ಶಾಲೆಯಲ್ಲೇ ಅಭ್ಯಾಸ ಆಗಿರುತ್ತದೆ ಅಲ್ವಾ, ಇಂಗ್ಲಿಷಿನವರು ಬೆವರುವ ಕಡೆ ನಾವು ಆರಾಮಾಗಿ ಕೂತಿರಬಹುದು. ಯಜಮಾನನ ದುಡ್ಡು ಕದ್ದು ಓಡಿ ಪ್ರೇಯಸಿಗೆ ಉಂಗುರ ಕೊಳ್ಳುವ ಗುಲಾಮ ಮೇದುಸ್ ನನಗೆ ಕೈಕಿಲಿಯುಸ್‌ಗಿಂತ ಜಾಸ್ತಿ ಇಷ್ಟ. ಗುಲಾಮಗಿರಿಯನ್ನು ಎರಡೂ ಪುಸ್ತಕ ತೀರಾ ಹಗುರ ಮಾಡುತ್ತವೆ, ಅದು ಬೇರೆ ಜಗಳ.

ವೇಷದ ದಿನದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಟೋಗಾ ಅನ್ನುವ ರೋಮನ್ನರ ಉದ್ದ ಹೊದಿಕೆ ಸುತ್ತಿದರು, ಫೋಟೋ ತೆಗೆದರು, ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ದಿನಾ ಕೆಲಸ ಮಾಡುವ ರೋಮನ್ ತುನಿಕಾ ಅನ್ನುವ ಸಾದಾ ಅಂಗಿ ಹಾಕುತ್ತಿದ್ದ, ಟೋಗಾ ಅಲ್ಲ, ಅದನ್ನೂ ಯಾರೂ ಹೇಳಲಿಲ್ಲ. ನನಗೆ ದಕ್ಕಿದ್ದು 'ಸಾಲ್ವೇ' (ನಮಸ್ಕಾರ), 'ವಾಲೇ' (ಬರ್ತೀನಿ) ಎರಡೇ.

ಶಿಬಿರದಲ್ಲಿ ಬಟ್ಟೆ ನಮ್ಮದೇ, ಜೀನ್ಸು. ಆದರೆ ಒರಳಿನ ಮುಂದೆ ಕೂರಿಸಿದರು. ಮೊರೇತುಂ ಮಾಡಬೇಕು. ಬೆಳ್ಳುಳ್ಳಿ, ಉಪ್ಪು, ಚೀಸು, ಕೊತ್ತಂಬರಿ ಅರೆದು ಆಲಿವ್ ಎಣ್ಣೆ, ವಿನೆಗರ್ ಬಿಟ್ಟ ಚಟ್ನಿ ಅನ್ನಿ, ರೊಟ್ಟಿಗೆ ನೆಂಚಿಕೊಳ್ಳೋದು. ಚೀಸು ಮೇಷ್ಟ್ರ ಹತ್ತಿರ. ಪಕ್ಕದಾಕೆ 'ದಾ ಮಿಹಿ ಕಾಸೆಯುಸ್' ಅಂದಳು, ಅಂದ್ರೆ 'ನನಗೆ ಚೀಸು ಕೊಡಿ', ಆದರೆ ವಿಭಕ್ತಿ ತಪ್ಪು. ಮೇಷ್ಟ್ರು ಹುಬ್ಬೇರಿಸಿ 'ಕ್ವಿದ್?' (ಏನು?) ಅಂದರು, ಚೀಸು ಕೈಬಿಡಲಿಲ್ಲ. ಆಕೆ ಒರಳು ನೋಡಿದಳು, ಮೇಲೆ ನೋಡಿದಳು, ಆಮೇಲೆ 'ಕಾಸೆಯುಂ' (ಚೀಸನ್ನು) ಅಂದಳು. ಚೀಸು ಬಂತು. ದ್ವಿತೀಯಾ ವಿಭಕ್ತಿ ಅಲ್ಲಿದ್ದ ಯಾರೂ ಇನ್ನು ಮರೆಯಲ್ಲ. ಬೆಂಗಳೂರಿನಲ್ಲಿ ಸಂಸ್ಕೃತ ಸಂಭಾಷಣ ಶಿಬಿರಕ್ಕೆ ಹೋದವರಿಗೆ ಈ ಹಟ ಹೊಸದಲ್ಲ.

ಹಾಗಂತ ಅಡುಗೆಮನೆಯ ಲ್ಯಾಟಿನ್ ಸೀಸರನ ಹತ್ತಿರ ನಡೆಯಲ್ಲ. ಕೊಡು, ತಾ, ಅರೆ ಅನ್ನೋದು ಬಾಯಿಗೆ ಬಂತು, ಅವನ ಉದ್ದುದ್ದ ವಾಕ್ಯ ಬಿಡಿಸೋಕೆ ಬರಲಿಲ್ಲ. ಅದಕ್ಕೆ ಈಗ ಓರ್ಬೆರ್ಗ್‌ನ ಕೊನೆಯ ಅಧ್ಯಾಯಗಳನ್ನು ಜೋರಾಗಿ ಓದುತ್ತಿದ್ದೇನೆ. ಶಿಬಿರಕ್ಕೆ ಹೋಗುವವರು ಆ ಪುಸ್ತಕದ ಮೊದಲ ಹತ್ತು ಅಧ್ಯಾಯವನ್ನಾದರೂ ಮುಗಿಸಿಕೊಂಡು ಹೋಗಿ, ಇಲ್ಲಾಂದ್ರೆ ಇಡೀ ದಿನ ಮೂಕರಾಗಿ ಬೆಳ್ಳುಳ್ಳಿ ಸುಲಿಯಬೇಕಾಗುತ್ತದೆ.