ನೆಲದ ಮಡಿಯೋ, ಗ್ರೋ ಬ್ಯಾಗೋ?

ಕೊಡಗು ಅಂದರೆ ಬರೀ ತಂಪು ಅನ್ನುವವರು ಮಾರ್ಚ್, ಏಪ್ರಿಲ್‌ನಲ್ಲಿ ಕುಶಾಲನಗರದ ಕಡೆ ಬಂದು ನೋಡಲಿ. ಆ ಬಿಸಿಲಲ್ಲಿ ಹೊಸದಾಗಿ ತರಕಾರಿ ಬೆಳೆಯುವವರಿಗೆ ನನ್ನ ಮತ ನೆಲದ ಮಡಿಗೇ. ಮಣ್ಣು ಆಳವಾಗಿರುವುದರಿಂದ ಬೇರು ಬೇಗ ಕಾಯುವುದಿಲ್ಲ. ಒಣ ಎಲೆ ದಪ್ಪಗೆ ಹೊದಿಸಿದರೆ ತೇವವೂ ಉಳಿಯುತ್ತದೆ. ಎಲೆಗೇನು ಬರ, ಕಾಫಿ ತೋಟದ ತುಂಬ ಬಿದ್ದಿರುತ್ತದಲ್ವಾ? ಬೆಂಡೆ, ಅಲಸಂದೆ, ಹರಿವೆ ಬಿಸಿಲು ತಡೆಯುತ್ತವೆ. ಕೋಸು, ಕ್ಯಾರೆಟ್ ಆಸೆ ಚಳಿಗಾಲಕ್ಕಿರಲಿ. ನಮ್ಮ ಮಣ್ಣಿಗೆ ಹುಳಿ ಜಾಸ್ತಿ, ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಸುಣ್ಣ ಹಾಕಿ.

ಗ್ರೋ ಬ್ಯಾಗ್, ಅಂದರೆ ಮಣ್ಣು ತುಂಬಿ ಗಿಡ ಬೆಳೆಸುವ ಚೀಲ, ಬೇಗ ಒಣಗುತ್ತದೆ. ತಾರಸಿ ಮೇಲಿಟ್ಟರೆ ದಿನಕ್ಕೆ ಎರಡು ಸಲ ನೀರು ಬೇಕಾಗಬಹುದು, ಮಧ್ಯಾಹ್ನಕ್ಕೆ ನೆರಳು ಬಲೆಯೂ ಬೇಕು. ಎರಡು ದಿನ ನೆಂಟರ ಮನೆಗೆ ಹೋದಿರೋ, ಗಿಡದ ಕಥೆ ಮುಗಿಯಿತು.

ಆದರೆ ಮಡಿಕೇರಿಯಲ್ಲಿ ಜೂನ್ ಮಳೆ ಹಿಡಿದರೆ ಲೆಕ್ಕವೇ ಬೇರೆ. ಮಡಿಯನ್ನು ಎತ್ತರಿಸದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ. ಬ್ಯಾಗನ್ನಾದರೆ ಸೂರಿನ ಕೆಳಗೆ ಎಳೆದಿಡಬಹುದು. ಮೆಣಸಿನಕಾಯಿ ಗಿಡಕ್ಕೆ ಅದೇ ಸರಿ. ಬಾಡಿಗೆ ಮನೆಯವರಿಗೂ ಬ್ಯಾಗೇ ವಾಸಿ, ಮನೆ ಬದಲಿಸಿದರೆ ಗಿಡವೂ ಜೊತೆಗೆ ಬರುತ್ತದೆ. ಕಾಡುಹಂದಿ ಬರುವ ಕಡೆ ನೆಲಕ್ಕೇ ಇಳಿಯುವುದಾದರೆ ಬೇಲಿಯ ಖರ್ಚನ್ನೂ ಸೇರಿಸಿಕೊಳ್ಳಿ.