ಬಳ್ಳಾರಿಯಲ್ಲಿ ರಾತ್ರಿ ಊಟ: ಫ್ಯಾಮಿಲಿ ರೆಸ್ಟೋರೆಂಟೋ, ಪಾರ್ಸಲ್ಲೋ, ಖಾನಾವಳಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಖಾನಾವಳಿಗೆ. ಹಾಗಂತ ಅಡುಗೆ ಒಂದನ್ನೇ ತೂಗಿದರೆ ಊರ ನಡುವಿನ ಆ ಗದ್ದಲದ ಎ.ಸಿ. ಫ್ಯಾಮಿಲಿ ರೆಸ್ಟೋರೆಂಟೇ ಮುಂದು. ಹೆಸರು ಬೇಡ. ಅಂಥವು ಊರಲ್ಲಿ ಎರಡು ಮೂರಿವೆ, ರೋಗ ಎಲ್ಲಕ್ಕೂ ಒಂದೇ.

ಅಡುಗೆಯ ಮಾತು ಚುಟುಕಾಗಿ. ಆಂಧ್ರ ಚಿಲ್ಲಿ ಚಿಕನ್ನಿಗೆ ಸಾಸ್ ಸುರಿಯುವುದಿಲ್ಲ, ಸೀಳಿದ ಹಸಿಮೆಣಸಿನಕಾಯಿ ಮತ್ತು ಕರಿಬೇವಿನಲ್ಲೇ ಹುರಿಯುತ್ತಾರೆ. ಬಿರಿಯಾನಿಯ ಅನ್ನ ಕಾಳು ಕಾಳಾಗಿ ಬಿಡುತ್ತದೆ. ಪುಂಡಿ ಸೊಪ್ಪಂತೂ ಎರಡೂ ಕಡೆ ಬೇಯುತ್ತದೆ: ಇಲ್ಲಿ ಮಟನ್ ಜೊತೆ ಗೋಂಗೂರವಾಗಿ, ಖಾನಾವಳಿಯಲ್ಲಿ ತೊಗರಿಬೇಳೆ, ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆಯ ಪಲ್ಯವಾಗಿ. 1953ರವರೆಗೆ ಮದ್ರಾಸಿನ ಜೊತೆಗಿದ್ದ ಊರು, ಅನಂತಪುರ ಕರ್ನೂಲು ಪಕ್ಕದಲ್ಲೇ. ಖಾರದ ಅಳತೆ ಆ ಕಡೆಯದು, ರೊಟ್ಟಿ ಈ ಕಡೆಯದು.

ಇನ್ನು ರೋಗ. ಹೇಳಿದ ಗ್ರೇವಿ ಮತ್ತು ರೋಟಿ ಒಟ್ಟಿಗೆ ಟೇಬಲ್ಲಿಗೆ ಬರುವುದೇ ಇಲ್ಲ. ಶನಿವಾರ, ಭಾನುವಾರ ರಾತ್ರಿ ಎಂಟೂವರೆ ಮೇಲೆ ಹೋದರೆ ಇದು ಖಾತ್ರಿ. ಗ್ರೇವಿ ಬಂದು ಕೂತಿರುತ್ತದೆ, ಮೇಲೆ ಎಣ್ಣೆ ತೇಲಿ ಕೆನೆ ಕಟ್ಟುತ್ತದೆ, ರೋಟಿಯ ಸುಳಿವಿಲ್ಲ. ಕೊನೆಗೆ ರೋಟಿ ಬರುತ್ತದೆ, ಅಷ್ಟರಲ್ಲಿ ಗ್ರೇವಿ ಅರ್ಧ ಖಾಲಿ. ಎರಡನೇ ಸಲ ರೋಟಿ ಹೇಳಿದರೆ ಬಿರಿಯಾನಿ ಬರುತ್ತದೆ.

ಕಾರಣ ಅಡುಗೆಮನೆಯ ಜೋಡಣೆಯಲ್ಲೇ ಇದೆ. ತಂದೂರಿ ಬೇರೆ, ಚೈನೀಸ್ ಬೇರೆ, ಗ್ರೇವಿ ಬೇರೆ. ಒಂದೊಂದಕ್ಕೆ ಒಂದೊಂದು ಆರ್ಡರ್ ಚೀಟಿ ಹೋಗುತ್ತದೆ, ಯಾವುದು ಮೊದಲು ಆಯಿತೋ ಅದನ್ನು ಕೈಗೆ ಸಿಕ್ಕ ಸಪ್ಲೈಯರ್ ಎತ್ತಿಕೊಂಡು ಬರುತ್ತಾನೆ. ಗ್ರೇವಿಯ ಮಸಾಲೆ ಮೊದಲೇ ತಯಾರಿರುತ್ತದೆ, ಬಾಣಲೆಗೆ ಹಾಕಿ ಬಿಸಿ ಮಾಡಿದರೆ ಮುಗಿಯಿತು. ತಂದೂರಿ ಒಲೆ ಮಾತ್ರ ಒಂದೇ. ಇಡೀ ರೆಸ್ಟೋರೆಂಟಿನ ರೋಟಿ, ನಾನ್, ಕುಲ್ಚಾ ಎಲ್ಲ ಅದರಲ್ಲೇ ಸರದಿ ನಿಲ್ಲಬೇಕು, ಅದರ ಮೇಲೆ ಕಬಾಬಿನ ಸರಳುಗಳೂ ಅಲ್ಲಿಗೇ. ಆರ್ಡರ್ ಬರೆದುಕೊಂಡ ಕ್ಯಾಪ್ಟನ್ ಒಬ್ಬ, ತರುವವನು ಇನ್ನೊಬ್ಬ, ಟೇಬಲ್ ಒರೆಸುವವನು ಮತ್ತೊಬ್ಬ. ‘ಆಗಲೇ ಹೇಳಿದೆವಲ್ಲಪ್ಪಾ’ ಅಂತ ಯಾರ ಮೇಲೆ ರೇಗಿದರೂ ಅವನಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ.

ಇದಕ್ಕೆ ಮದ್ದು: ಸ್ಟಾರ್ಟರ್ ಹೇಳುವಾಗಲೇ ಮೊದಲ ಸುತ್ತಿನ ರೋಟಿ ಹೇಳಿಬಿಡಿ, ತಲೆಗೆ ಒಂದರಂತೆ. ಗ್ರೇವಿಯನ್ನು ಸ್ಟಾರ್ಟರ್ ಬಂದ ಮೇಲೆ ಹೇಳಿ. ಮೊದಲ ರೋಟಿ ಮುರಿಯುವ ಹೊತ್ತಿಗೇ ಎರಡನೆಯದಕ್ಕೆ ಕೂಗಿ, ತಟ್ಟೆ ಖಾಲಿಯಾಗುವ ತನಕ ಕಾಯಬೇಡಿ. ಎಲ್ಲ ರೋಟಿ ಒಮ್ಮೆಗೇ ತರಿಸುವುದು ಮಾತ್ರ ದಂಡ. ಮೈದಾ ನಾನ್ ಐದು ನಿಮಿಷ ಆರಿದರೆ ಜಗ್ಗಿದರೂ ಹರಿಯದು. ಆರ್ಡರ್ ಕ್ಯಾಪ್ಟನ್ನಿಗೇ ಕೊಟ್ಟು, ಅವನು ಚೀಟಿ ಓದಿ ಹೇಳುವ ತನಕ ಬಿಡಬೇಡಿ. ಇಷ್ಟು ಕಸರತ್ತು ಮಾಡಿ ಉಣ್ಣಬೇಕೇ ಅಂತ ಕೇಳಿದರೆ, ಆ ಚಿಲ್ಲಿ ಚಿಕನ್ನಿಗಾದರೆ ಒಮ್ಮೊಮ್ಮೆ ಹೌದು.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಯಲು ಹೇಳಿ. ಕೇಳದೆ ತಾನಾಗಿ ಹಾಕುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ. ಜಿಎಸ್‌ಟಿ ಬೇರೆ, ಅದು ಕಟ್ಟಲೇಬೇಕು.

ಅದೇ ಅಡುಗೆ ಪಾರ್ಸಲ್ ತಂದರೆ? ಸಪ್ಲೈಯರ್ ಕಾಟ ತಪ್ಪುತ್ತದೆ. ಬಿರಿಯಾನಿ, ಗ್ರೇವಿ ಮನೆ ತಲುಪುವ ತನಕ ಚೆನ್ನಾಗಿರುತ್ತವೆ. ಚಿಕನ್ 65 ಡಬ್ಬಿಯ ಹಬೆಗೆ ಮೆತ್ತಗಾಗುತ್ತದೆ, ಮುಚ್ಚಳ ಬೆರಳಷ್ಟು ಸಡಿಲಿಸಿ ತನ್ನಿ. ರೋಟಿ ಅಲ್ಲಿ ಕಟ್ಟಿಸಲೇಬೇಡಿ, ಮನೆಯಲ್ಲಿ ಚಪಾತಿ ಮಾಡಿಕೊಳ್ಳಿ. ಕೌಂಟರ್ ಬಿಡುವ ಮುಂಚೆ ಕವರ್ ಬಿಚ್ಚಿ ನೋಡಿ: ಮರೆಯುವುದು ಯಾವಾಗಲೂ ರಾಯ್ತ, ಇಲ್ಲವೇ ಈರುಳ್ಳಿ-ನಿಂಬೆಹಣ್ಣು. ಕುದಿಯುವ ಗ್ರೇವಿಯನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿಯುವ ಜಾಗವಾದರೆ ಸ್ಟೀಲ್ ಡಬ್ಬಿ ಒಯ್ಯಿರಿ, ಬೇಡ ಅನ್ನುವುದಿಲ್ಲ.

ಖಾನಾವಳಿಯಲ್ಲಿ ಆ ಕಾಯುವ ಕಾಟವೇ ಇಲ್ಲ. ರೊಟ್ಟಿ ಬಡಿಯುವ ಅಕ್ಕನೂ ಬಡಿಸುವವನೂ ನಾಲ್ಕು ಹೆಜ್ಜೆ ಅಂತರದಲ್ಲಿರುತ್ತಾರೆ. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿರುವಾಗಲೇ ‘ಇನ್ನೊಂದು ಹಾಕ್ಲೇನ್ರಿ?’ ಅಂತ ಬರುತ್ತಾನೆ. ಜೋಳಕ್ಕೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಹಿಟ್ಟು ಕೂಡುತ್ತದೆ, ಬಡಿದ ಮೇಲೆ ಹಂಚಿನಲ್ಲಿ ಮೇಲ್ಮೈಗೆ ನೀರು ಸವರಿ, ತಿರುವಿ ಸುಟ್ಟರೆ ಉಬ್ಬುತ್ತದೆ. ಇಳಿಸಿದ ಕೂಡಲೇ ತಿಂದರೆ ಮೆದು, ಆರಿದರೆ ಬಿರುಸು. ಹಾಗಾಗಿ ಒಂದೊಂದಾಗಿ ಬಡಿಸುವುದು ಬಿಟ್ಟು ಅವರಿಗೂ ಬೇರೆ ದಾರಿಯಿಲ್ಲ. ಜೊತೆಗೆ ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಮೇಲೊಂದು ಚಮಚ ಗಟ್ಟಿ ಮೊಸರು, ಹಸಿ ಈರುಳ್ಳಿ. ಮೆನು ಕಾರ್ಡೇ ಇಲ್ಲದ ಮೇಲೆ ಆರ್ಡರ್ ತಪ್ಪುವ ಮಾತೆಲ್ಲಿ?

ದೋಷಗಳಿಲ್ಲವೇ? ಏಪ್ರಿಲ್, ಮೇನಲ್ಲಿ ಹೊರಗೆ ನಲವತ್ತು ದಾಟಿರುತ್ತದೆ, ಒಳಗೆ ಹಂಚಿನ ಝಳ ಬೇರೆ. ಪುಟ್ಟ ಮಕ್ಕಳನ್ನು ಕರೆದೊಯ್ದರೆ ಖಾರ ಕಮ್ಮಿ ಮಾಡಿಸಲು ಆಗದು. ಹತ್ತು ಜನರ ಹುಟ್ಟುಹಬ್ಬಕ್ಕೆ ಬೆಂಚು ಸಾಲದು. ರಾತ್ರಿ ಒಂಬತ್ತೂವರೆ ಮೇಲೆ ಹೋದರೆ ಅನ್ನ ಸಾರಷ್ಟೇ.

ದುಡ್ಡಿನ ಲೆಕ್ಕ ಸರಳ. ನಾಲ್ವರು ಎ.ಸಿ.ಯಲ್ಲಿ ಕೂತೆದ್ದರೆ ಒಂದೂವರೆ ಸಾವಿರ ಎಲ್ಲೂ ಹೋಗಲಿಲ್ಲ. ಖಾನಾವಳಿಯಲ್ಲಿ ತಲೆಗೆ ನೂರರ ಆಚೀಚೆ. ವಾರಕ್ಕೆರಡು ಮೂರು ರಾತ್ರಿ ಹೊರಗೆ ಉಣ್ಣುವ, ಹತ್ತಕ್ಕೆ ಮಲಗುವ ನನ್ನಂಥವರಿಗೆ ಖಾನಾವಳಿಯೇ ಸರಿ. ಬಿರಿಯಾನಿ ಆಸೆಯಾದ ದಿನ ಪಾರ್ಸಲ್. ಊರಿಂದ ನೆಂಟರು ಬಂದು ಎ.ಸಿ.ಯೇ ಬೇಕೆಂದರೆ ರಾತ್ರಿ ಬಿಟ್ಟು ವಾರದ ನಡುವೆ ಮಧ್ಯಾಹ್ನ ಹನ್ನೆರಡೂವರೆಗೆ ಕರೆದೊಯ್ಯಿರಿ: ಆಗ ತಂದೂರಿ ಒಲೆಗೆ ಸರದಿ ಇರುವುದಿಲ್ಲ, ಬಿರಿಯಾನಿ ಹಂಡೆಯ ಮುಚ್ಚಳವೂ ಆಗಷ್ಟೇ ತೆಗೆದಿರುತ್ತಾರೆ.